ಹಿಂದಿನ ತಡಿಕೆ

ಎಡಗೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಲಗೈಯೊಂದರಲ್ಲೇ ಸೈಕಲ್ಲು ತಳ್ಳುವುದನ್ನು ಚಿಕ್ಕಬೈರಪ್ಪ ಈ ಆರು ತಿಂಗಳಲ್ಲಿ ಚೆನ್ನಾಗಿ ಕಲಿತಿದ್ದ. ನೋಡಿದವರಿಗೆ ಚಳಿಗೆ ಕೈ ಮುಚ್ಚಿಕೊಂಡಿದ್ದಾನೆ ಅನ್ನಿಸಬೇಕು. ಪುಷ್ಯಮಾಸದ ಚಳಿ ಅಷ್ಟರಮಟ್ಟಿಗೆ ಅವನ ಕಡೆಗಿತ್ತು. ಬೇಸಿಗೆ ಬಂದರೆ ಏನು ಮಾಡುವುದೆಂದು ಅವನು ಇನ್ನೂ ಯೋಚಿಸಿರಲಿಲ್ಲ. ಲಗ್ಗೆರೆಯ ಬಾಡಿಗೆ ಮನೆಯಿಂದ ಹೊರಟು ಪೀಣ್ಯದ ಮಣ್ಣುರಸ್ತೆಗೆ ಬರುವಷ್ಟರಲ್ಲಿ ಮೊದಲ ಪಾಳಿಯ ಸೈರನ್ನುಗಳು ಒಂದರ ಹಿಂದೊಂದು ಕೂಗಿ ಮುಗಿದಿದ್ದವು. ತಾನು ಕೆಲಸ ಮಾಡುವ ಕಾರ್ಖಾನೆಯ ಗೇಟನ್ನು ತಲೆತಗ್ಗಿಸಿಕೊಂಡು ದಾಟಿ ಮುಂದೆ ಹೋದ. ರಜೆ ಕೇಳಿದ್ದಕ್ಕೆ ಸೂಪರ್‌ವೈಸರು ಯಾಕೆ ಎಂದೂ ಕೇಳಿರಲಿಲ್ಲ. ಗೇಟಿನಲ್ಲಿ ಕೂತು ಟೋಕನ್ನು ಕೊಡುವವನು ಒಂದು ದಿನ ಬಾರದಿದ್ದರೆ ಯಾವ ಯಂತ್ರ ನಿಂತುಹೋಗುತ್ತದೆ? ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತಿದ್ದ ಕಾಲದಲ್ಲಿ ಅರ್ಧ ದಿನದ ರಜೆಗೂ ಜಗಳವಾಡಬೇಕಿತ್ತು. ಆ ಜಗಳ ಈಗ ನೆನಪಾದರೆ ಬಾಯಲ್ಲಿ ನೀರು ಬಂದ ಹಾಗಾಗುತ್ತಿತ್ತು.

ನಿನ್ನೆ ಮಧ್ಯಾಹ್ನ ಅದೇ ಗೇಟಿನ ಹತ್ತಿರ ಬಾವ ನಲ್ಲಪ್ಪ ಬಂದು ನಿಂತಿದ್ದ. ಮಾದನಾಯಕನಹಳ್ಳಿಯಿಂದ ಬಸ್ಸಿನಲ್ಲಿ ಬಂದ ಧೂಳು ಇನ್ನೂ ಅವನ ಹುಬ್ಬಿನ ಮೇಲಿತ್ತು. ಚಿಕ್ಕಬೈರಪ್ಪ ಎಡಗೈಯನ್ನು ಥಟ್ಟನೆ ಖಾಕಿ ಪ್ಯಾಂಟಿನ ಜೇಬಿಗೆ ಇಳಿಸಿದ. "ಭಾಗ್ಯ ದೊಡ್ಡೋಳಾದ್ಲು ಕಣಪ್ಪ. ನಾಳೆ ಗುಡ್ಲು ಆಕ್ಬೇಕು. ನಿಮ್ಮಕ್ಕ ಏಳ್ಕಳ್ಸವ್ಳೆ," ಅಂದ ನಲ್ಲಪ್ಪ. ಆಮೇಲೆ ಕೆಮ್ಮಿ, "ನಿಮ್ ದೊಡ್ಡಪ್ಪನ್ ಮಗ ಶ್ಯಾಮಣ್ಣ ತಾನೇ ಆಕ್ತೀನಿ ಅಂತ ಬಂದಿದ್ದ. ನಿಮ್ಮಕ್ಕ ಬೈದು ಕಳ್ಸುದ್ಲು. ಒಡಹುಟ್ಟಿದೋನು ಬದ್ಕಿರೋವಾಗ ನೀನ್ಯಾವೋನೋ ಅಂದ್ಲು," ಎಂದು ಸೇರಿಸಿದ. ಮಾತಾಡುವಾಗೆಲ್ಲ ಅವನು ಚಿಕ್ಕಬೈರಪ್ಪನ ಮುಖವನ್ನೇ ನೋಡುತ್ತಿದ್ದ, ಬೇರೆಲ್ಲೂ ನೋಡಬಾರದೆಂದು ಯಾರೋ ಹೇಳಿಕೊಟ್ಟ ಹಾಗೆ. "ಬತ್ತೀನಿ ಬಾವ," ಅಂದುಬಿಟ್ಟ ಚಿಕ್ಕಬೈರಪ್ಪ. ಜೇಬಿನೊಳಗೆ ಇಲ್ಲದ ಎರಡು ಬೆರಳುಗಳು ಬೆವೆತಂತೆ ಅನ್ನಿಸಿತು.

ಹೆಣ್ಣುಮಗು ಮೈನೆರೆದಾಗ ಸೋದರಮಾವ ತವರಿನ ಹಸಿರು ಗರಿ ತಂದು ಅಂಗಳದಲ್ಲಿ ಗುಡ್ಲು ಹಾಕಬೇಕು. ಹುಡುಗಿ ಒಂಬತ್ತು ದಿನ ಯಾರನ್ನೂ ಮುಟ್ಟದೆ ಅದರೊಳಗೆ ಕೂರುತ್ತಾಳೆ. ಕಡೆಗೆ ಗುಡ್ಲನ್ನು ಕಿತ್ತು ಸುಟ್ಟುಬಿಡುತ್ತಾರೆ. ಇದು ಎಲ್ಲ ಮನೆಗಳಲ್ಲೂ ಇರುವುದೇ. ಅವರ ವಂಶದಲ್ಲಿ ಇನ್ನೊಂದು ಕಟ್ಟಳೆ ಹೆಚ್ಚಿಗೆ ಇತ್ತು. ಗೂಟ ಯಾರು ಬೇಕಾದರೂ ನೆಡಲಿ, ಮೇಲಿನ ಹೊದಿಕೆ ಯಾರು ಬೇಕಾದರೂ ಹೊದಿಸಲಿ, ಹುಡುಗಿ ಬೆನ್ನು ಕೊಟ್ಟು ಕೂರುವ ಹಿಂದಿನ ತಡಿಕೆಯನ್ನು ಮಾತ್ರ ಮಾವ ತನ್ನ ಕೈಯಾರೆ ಹೆಣೆಯಬೇಕು. ಏಳು ತೆಂಗಿನ ಗರಿ, ಒಂದರ ಕೆಳಗೊಂದು. ಬೇರೆ ಗಂಡಸಿನ ಕೈ ಅದಕ್ಕೆ ಸೋಕಿದರೆ ಹುಡುಗಿಗೆ ತವರಿನ ಕಡೆಯ ಬೆನ್ನಾಸರೆ ಇಲ್ಲವೆಂದು ಅರ್ಥ. ಅಕ್ಕ ಈಶ್ವರಮ್ಮ ಗುಡ್ಲಲ್ಲಿ ಕೂತಾಗ ಚಿಕ್ಕಬೈರಪ್ಪನಿಗೆ ಆರು ವರ್ಷ. ಅಕ್ಕನನ್ನು ಮುಟ್ಟಬಾರದೆಂದು ಎಲ್ಲರೂ ಗದರಿಸಿದ್ದರಿಂದ ಅವನು ಗುಡ್ಲಿನ ಹಿಂದಕ್ಕೆ ಹೋಗಿ, ಮಾವ ಹೆಣೆದ ತಡಿಕೆಯ ಸಂದಿಯಲ್ಲಿ ಬಾಯಿಟ್ಟುಕೊಂಡು "ಅಕ್ಕಾ" ಎಂದು ಉಸುರುತ್ತಿದ್ದ. ಒಳಗಿನಿಂದ ಎಳ್ಳಿನ ಚಿಗಳಿ ಒಂದೊಂದೇ ಚೂರಾಗಿ ಅವನ ಬಾಯಿಗೆ ಬರುತ್ತಿತ್ತು, ಹಸಿ ಗರಿಯ ವಾಸನೆಯ ಜೊತೆಗೆ. ಅವಳ ಪಾಲಿನ ಅರ್ಧ ಚಿಗಳಿಯನ್ನು ಅವನೇ ತಿಂದಿದ್ದ.

ಅಪ್ಪನ ತೋಟ ಈಗ ಇನ್ನೊಂದು ಕಾರ್ಖಾನೆಯ ಕಾಂಪೌಂಡಿನೊಳಗೆ ಸೇರಿಹೋಗಿತ್ತು. ಕಟ್ಟೆಯ ಬದಿಯಲ್ಲಿದ್ದ ಹದಿನಾಲ್ಕು ತೆಂಗಿನಲ್ಲಿ ಐದು ಉಳಿದಿದ್ದವು, ಕ್ಯಾಂಟೀನಿಗೆ ಕಾಯಿ ಬೇಕಲ್ಲ ಎಂದು ಉಳಿಸಿದ್ದು. ಆಫೀಸಿನ ಮುಂದೆ ಎಲ್ಲಿಂದಲೋ ತಂದು ನೆಟ್ಟ ಎರಡು ಶೋಕಿ ಮರಗಳಿದ್ದವು; ಬುಡ ಸೀಸೆಯ ಹಾಗೆ ಉಬ್ಬಿಕೊಂಡು, ತಲೆ ಬಾಚಿದ ಹಾಗೆ. ಕಾಯಿಯಿಲ್ಲ, ಕಡ್ಡಿಯಿಲ್ಲ, ಹೆಂಡವಿಲ್ಲ. ಅವುಗಳಿಗೆ ದಿನಾ ನೀರು ಹಾಕುವುದಕ್ಕೆ ಒಬ್ಬ ಆಳಿದ್ದ. ನೋಡಿದಾಗಲೆಲ್ಲ ಚಿಕ್ಕಬೈರಪ್ಪನಿಗೆ ಅವುಗಳನ್ನು ಒದೆಯಬೇಕು ಅನ್ನಿಸುತ್ತಿತ್ತು. ಮರ ಏನು ಮಾಡಿತು ಪಾಪ ಎಂದು ತಕ್ಷಣ ನಾಚಿಕೆಯೂ ಆಗುತ್ತಿತ್ತು. ಗೇಟು ಕಾಯುತ್ತಿದ್ದವನು ಹನುಮಯ್ಯ. ಅದೇ ಕಟ್ಟೆಯ ಮೇಲಿದ್ದ ಈಚಲು ಸಾಲನ್ನು ಇಪ್ಪತ್ತು ಚಳಿಗಾಲ ಕೆತ್ತಿ ಹೆಂಡ ಇಳಿಸಿದವನು. ಹಗ್ಗ ಉಜ್ಜಿ ಉಜ್ಜಿ ಅವನ ಎದೆಯ ನಡುವೆ ರೊಟ್ಟಿಯಗಲ ಜಡ್ಡುಗಟ್ಟಿತ್ತು. ಅದರ ಮೇಲೆ ಈಗ ಖಾಕಿ ಅಂಗಿ ಹಾಕಿ ಗುಂಡಿ ಬಿಗಿದುಕೊಂಡಿದ್ದ.

"ಏನ್ಲಾ ಬೈರ, ನಿಮ್ಮಪ್ಪನ್ ತೋಟ ಅಳ್ತೆ ಮಾಡಾಕ್ ಬಂದ್ಯಾ?"

"ಬಾಯ್ಮುಚ್ಕಂಡು ಗೇಟ್ ತಗಿ ಅನುಮಣ್ಣ. ಅಕ್ಕನ್ ಮಗಳಿಗೆ ಗುಡ್ಲು ಆಕ್ಬೇಕು. ಗರಿ ಬೇಕು."

ಹನುಮಯ್ಯ ನಗು ನಿಲ್ಲಿಸಿದ. ಆಫೀಸಿನ ಕಡೆ ಒಮ್ಮೆ ನೋಡಿ ಗೇಟಿನ ಚಿಲಕ ಸರಿಸಿದ. "ಮ್ಯಾನೇಜ್ರು ಅತ್ ಗಂಟೆಗ್ ಬತ್ತಾನೆ. ಅಷ್ಟರೊಳ್ಗೆ ಆಗ್ಬೇಕು. ಮರ ಅತ್ತು ಮತ್ತೆ."

ಚಿಕ್ಕಬೈರಪ್ಪ ಮರದ ಬುಡಕ್ಕೆ ಹೋಗಿ ನಿಂತ. ತೆಂಗಿನ ಕಾಂಡದ ಮೇಲೆ ಉದುರಿದ ಒಂದೊಂದು ಗರಿಗೂ ಒಂದೊಂದು ಬಳೆ ಇರುತ್ತದೆ. ತಿಂಗಳಿಗೊಂದು ಹೊಸ ಗರಿ ಸುಳಿಯಿಂದ ಎದ್ದರೆ, ಕೆಳಗಿನದೊಂದು ತನಗಿನ್ನು ಸಾಕೆಂದು ಬಾಗುತ್ತದೆ. ಕೆಳಗಿನ ಸುತ್ತಿಗೇ ಕತ್ತಿ ಹಾಕಬೇಕು ಎನ್ನುತ್ತಿದ್ದ ಅಪ್ಪ. ಹೇಗೂ ಮರ ಬಿಟ್ಟುಕೊಡುವುದನ್ನು ನಾಲ್ಕು ದಿನ ಮುಂಚೆ ಇಸಿದುಕೊಳ್ಳುವುದು ಅಷ್ಟೆ; ಸುಳಿಗೆ ಕತ್ತಿ ತಾಗಿದರೆ ಮುಗಿಯಿತು, ಇಡೀ ಮರಕ್ಕೆ ಜೀವ ಅದೊಂದೇ ಕಡೆ. ಬಳೆಗಳಲ್ಲಿ ಕಾಲಿಟ್ಟು ಅಪ್ಪನ ಹಿಂದೆಯೇ ಹತ್ತುತ್ತಿದ್ದವನು ಅವನು. ಈಗ ಬಲಗೈಯಿಂದ ಕಾಂಡ ತಬ್ಬಿ, ಟವೆಲ್ಲು ಸುತ್ತಿದ ಎಡಗೈಯನ್ನು ಆ ಕಡೆಯಿಂದ ತಂದು ಸೇರಿಸಿದ. ಎರಡಾಳು ಎತ್ತರ ಏರಿದ. ಎಡಗೈ ಹಿಡಿಯಬೇಕಾದ ಜಾಗದಲ್ಲಿ ಜಾರಿತು. ಕಾಂಡಕ್ಕೆ ಕೆನ್ನೆ ಒತ್ತಿಕೊಂಡು ಹಾಗೆಯೇ ಕೆಳಕ್ಕೆ ಉಜ್ಜಿಕೊಂಡು ಬಂದ. ಅಂಗಿಯ ಒಂದು ಗುಂಡಿ ಕಿತ್ತುಹೋಯಿತು. ಮೇಲೆದ್ದು ಮರಕ್ಕೆ ಬೆನ್ನು ತಿರುಗಿಸಿ, "ಕಾಲ್ಗೆ ಬೂಟಿನ್ ಎಣ್ಣೆ ಅಂಟ್ಕಂಡದೆ," ಅಂದ. ಅವನ ಕಾಲಲ್ಲಿ ಇದ್ದದ್ದು ಹವಾಯಿ ಚಪ್ಪಲಿ, ಅದೂ ಸೈಕಲ್ಲಿನ ಹತ್ತಿರ ಬಿಟ್ಟು ಬಂದಿದ್ದ.

ಹನುಮಯ್ಯ ಖಾಕಿ ಅಂಗಿ ಬಿಚ್ಚಿ ಮಡಿಸಿ, ಟೋಪಿಯನ್ನು ಅದರ ಮೇಲಿಟ್ಟ. ಅರವತ್ತು ದಾಟಿದ ಮೈ. ಗೇಟಿನ ಸರಪಳಿಗೆ ಕಟ್ಟಿದ್ದ ಹಗ್ಗವನ್ನೇ ಬಿಚ್ಚಿ ಸೊಂಟಕ್ಕೂ ಮರಕ್ಕೂ ಸುತ್ತಿ, "ಕತ್ತಿ ಕೊಡು," ಎಂದು ಹೊರಟುಬಿಟ್ಟ. ಕಾಲಿಗೆ ಕಣ್ಣಿದ್ದ ಹಾಗೆ ಏರಿದ. ಮೇಲೆ ತಲುಪಿದ ಮೇಲೆ ಅವನ ದನಿಯೇ ಬೇರೆಯಾಯಿತು. "ಬೈರಾ, ಇಲ್ಲಿಂದ ಈಗ ಬರೀ ಶೀಟು ಕಾಣ್ತದಲ್ಲೋ. ನಿಮ್ ಕಟ್ಟೆ ಎಲ್ಲೋಯ್ತೋ!" ಗರಿಗಳು ಒಂದೊಂದೇ ಸುಯ್ ಎಂದು ತಿರುಗಿಕೊಂಡು ಬಂದು ಬಿದ್ದವು. ಹನ್ನೆರಡಾದ ಮೇಲೆ ಇಳಿದು ಬಂದು, ಏದುಸಿರು ಬಿಡುತ್ತಾ, ಗೋಡೆಯ ಮೂಲೆಯಲ್ಲಿ ಕುಳ್ಳಗೆ ಉಳಿದಿದ್ದ ಒಂದೇ ಒಂದು ಈಚಲಿನಿಂದ ಮುಳ್ಳು ಬಿಡಿಸದೆ ಒಂದು ಗರಿ ಕಡಿದು ತಂದ. "ಬಾಕ್ಲ ಮೇಲೆ ಸಿಕ್ಸು. ಮುಳ್ಳು ಒರಗಡೆ ಬರ್ಲಿ. ಇದು ಗಂಡು ಮರ, ಅಣ್ಣು ಬಿಡಾಕಿಲ್ಲ. ಅದ್ಕೇ ನಾನು ಕಾವಲ್ಗೆ ಮಡೀಕಂಡಿದ್ದೆ." ಇಬ್ಬರೂ ನಕ್ಕರು. ಚಿಕ್ಕಬೈರಪ್ಪನಿಗೆ ಅವನ ಕಾಲು ಮುಟ್ಟಬೇಕೆನ್ನಿಸಿ, ಅದರ ಬದಲು, "ಅಂಗಿ ಆಕ್ಕಳಣ್ಣ, ಮುದಿ ಗೂಬೆ ಅಂಗ್ ಕಾಣ್ತೀಯ," ಅಂದ.

ಗರಿಗಳನ್ನು ಸೈಕಲ್ಲಿನ ಉದ್ದಕ್ಕೆ ಕಟ್ಟಿದ್ದಾಯಿತು. ತುದಿಗಳು ಹಿಂದೆ ನೆಲದ ಮೇಲೆ ಗುಡಿಸಿಕೊಂಡು ಬರುತ್ತಿದ್ದವು. ತುಮಕೂರು ರಸ್ತೆಯಲ್ಲಿ ಲಾರಿಗಳು ಹಾರನ್ನು ಹೊಡೆದು ಪಕ್ಕಕ್ಕೆ ನೂಕುತ್ತಿದ್ದವು. ಗರಿಗಳ ಸರ್ರೆಂಬ ಸದ್ದು ಅವನಿಗೆ ತನ್ನ ಕಾರ್ಖಾನೆಯ ಕ್ಯಾಂಟೀನಿನ ಮುದುಕಿ ಬೆಳಗ್ಗೆ ಗುಡಿಸುವ ಸದ್ದಿನಂತೆಯೇ ಕೇಳುತ್ತಿತ್ತು. ಆ ಪೊರಕೆ. ಆಷಾಢದ ಒಂದು ಬೆಳಗ್ಗೆ ಆ ಪೊರಕೆಯಿಂದಲೇ ಅವನು ಒಂದು ತೆಂಗಿನ ಕಡ್ಡಿ ಕಿತ್ತುಕೊಂಡದ್ದು. ಪ್ರೆಸ್ಸಿಗೆ ಎರಡು ಗುಂಡಿ ಇರುತ್ತಿದ್ದವು, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಎರಡು ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಕಬ್ಬಿಣ ಕೆಳಗಿಳಿಯುವುದು. ಕೈಗಳು ಹೊರಗಿರಲೆಂದೇ ಹಾಗೆ ಮಾಡಿದ್ದು. ಎಡಗುಂಡಿಯ ಸಂದಿಗೆ ಕಡ್ಡಿ ತುರುಕಿದರೆ ಅದು ಒತ್ತಿಕೊಂಡೇ ಇರುತ್ತದೆ, ಎಡಗೈ ಬಿಡುವಾಗಿ ತಗಡು ಜೋಡಿಸಬಹುದು, ಕೆಲಸ ಒಂದೂವರೆ ಪಟ್ಟು ಓಡುತ್ತದೆ. ಬೆಂಕಿಕಡ್ಡಿ ಮುರಿದುಹೋಗುತ್ತದೆ, ತಂತಿ ಜಾರುತ್ತದೆ. ತೆಂಗಿನ ಕಡ್ಡಿ ಬಾಗುತ್ತದೆ ಹೊರತು ಮುರಿಯುವುದಿಲ್ಲ. ಇದನ್ನು ಕಂಡುಹಿಡಿದವನು ಅವನೇ. ಪಟ್ಟಣದ ಐಟಿಐ ಹುಡುಗರಿಗೆ ಹೊಳೆಯದ್ದು ತೋಟದವನಿಗೆ ಹೊಳೆಯಿತೆಂದು ಹೆಮ್ಮೆ ಬೇರೆ. ಸಾಲಿನವರೆಲ್ಲ ಅದಕ್ಕೆ ಬೈರಪ್ಪನ ಕಡ್ಡಿ ಎಂದೇ ಹೆಸರಿಟ್ಟಿದ್ದರು. ಹದಿನೆಂಟನೆಯ ದಿನ ತೋರುಬೆರಳೂ ನಡುಬೆರಳೂ ಬುಡಸಮೇತ ತಗಡಿನ ಜೊತೆ ಹೋದವು. ನೋವಿಗಿಂತ ಮೊದಲು ಅವನಿಗೆ ಅನ್ನಿಸಿದ್ದು, ಯಾರಾದರೂ ನೋಡುವ ಮೊದಲು ಕಡ್ಡಿ ತೆಗೆದುಬಿಡಬೇಕು ಎಂದು. ತೆಗೆಯುವುದಕ್ಕೆ ಆಗಲಿಲ್ಲ. ಸೂಪರ್‌ವೈಸರು ಅದನ್ನು ಹೊರಕ್ಕೆಳೆದು, ಅಂಗೈಯಲ್ಲಿಟ್ಟುಕೊಂಡು ಒಂದು ಗಳಿಗೆ ನೋಡಿ, ತಗಡು ಚೂರುಗಳ ಡಬ್ಬಿಗೆ ಹಾಕಿದ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಕೇಳಿದವರಿಗೆಲ್ಲ ಮಿಷನ್ನು ಜಾರಿತು ಅಂದ. ಮಿಷನ್ನಿಗೆ ಬಾಯಿಲ್ಲ. ಹೆಂಡತಿ ಅಂಜನಮ್ಮನಿಗೆ ಮಾತ್ರ ನಿಜ ಹೇಳಿ, "ಅಕ್ಕನ್ ಕಿವಿಗೆ ಬಿತ್ತೋ, ನಾನ್ ಈ ಮನೆ ಒಳೀಕ್ ಕಾಲಿಡಾಕಿಲ್ಲ," ಎಂದು ಆಣೆ ಇಡಿಸಿಕೊಂಡ. ಅಕ್ಕನೇ ಯಾಕೆ? ಅಪ್ಪ ಸತ್ತ ಮೇಲೆ ಅವಳು ತನ್ನ ಓಲೆ ಅಡವಿಟ್ಟು ಅವನನ್ನು ಕಾರ್ಖಾನೆಗೆ ಸೇರಿಸಿದವಳು. ಊರಲ್ಲೆಲ್ಲ ನನ್ನ ತಮ್ಮನ ಕೈ ಅಂದರೆ ಚಿನ್ನ ಎಂದು ಹೇಳಿಕೊಂಡು ತಿರುಗುವವಳು. ಭಾದ್ರಪದದಲ್ಲಿ ಗೌರಿ ಹಬ್ಬ ಬಂತು. ಪ್ರತಿವರ್ಷ ಮೊರದ ಬಾಗಿನ ಹೊತ್ತುಕೊಂಡು ಹೋಗುವುದು ತಮ್ಮನ ಕೆಲಸ: ಅದರಲ್ಲಿ ಬಳೆ, ಕರಿಮಣಿ, ತಾಳೆಗರಿಯ ಬಿಚ್ಚೋಲೆ. ಆ ವರ್ಷವೂ ಅಂಜನಮ್ಮ ಎಲ್ಲ ಜೋಡಿಸಿಟ್ಟಳು. ಮೊರವನ್ನು ಎರಡು ಕೈಯಲ್ಲಿ ಹಿಡಿದು ಕೊಡಬೇಕಲ್ಲ. ಅವನು ಜ್ವರ ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಬಾಗಿನ ಅಟ್ಟದ ಮೇಲೇ ಉಳಿಯಿತು. ಈಗ ಮಾದಾವರ ದಾಟುವಾಗ ಗರಿಯ ಕಟ್ಟು ಒಂದು ಕಡೆಗೆ ವಾಲಿ ಸೈಕಲ್ಲು ಬಿದ್ದೇ ಹೋಗುತ್ತಿತ್ತು. ಅವನು ಎರಡೂ ಕೈಯಿಂದ ಹಿಡಿದ. ಟವೆಲ್ಲು ರಸ್ತೆಗೆ ಬಿತ್ತು. ನಿಂತಿದ್ದ ಲಾರಿಯ ಕ್ಲೀನರು ಮೇಲಿನಿಂದ ನೋಡಿ, "ಅಣ್ಣೋ, ಮದ್ವೆನಾ ತಿಥೀನಾ?" ಎಂದು ಕೂಗಿದವನು ಕೈ ಕಂಡು ಬಾಯಿ ಮುಚ್ಚಿಕೊಂಡು ಕೆಳಗಿಳಿದು ಕಟ್ಟನ್ನು ಬಿಗಿದುಕೊಟ್ಟ. "ನಾನ್ ಕೇಳುದ್ನೇನೋ ನಿನ್ನ?" ಎಂದು ಚಿಕ್ಕಬೈರಪ್ಪ ಅವನ ಮೇಲೆ ರೇಗಿ, ಟವೆಲ್ಲನ್ನು ಕೊಡವಿ ಮತ್ತೆ ಸುತ್ತಿಕೊಂಡು ಹೊರಟ. ಒಂದು ಫರ್ಲಾಂಗು ಹೋದ ಮೇಲೆ ಆ ಹುಡುಗನ ಹೆಸರಾದರೂ ಕೇಳಬೇಕಿತ್ತು ಅನ್ನಿಸಿತು.

ಈಶ್ವರಮ್ಮ ಬಾಗಿಲಲ್ಲೇ ನಿಂತಿದ್ದಳು. ಸೆರಗು ಸಿಕ್ಕಿಸಿಕೊಂಡಿದ್ದ ರೀತಿ ನೋಡಿದರೇ ಬೈಯಲು ತಯಾರಾಗಿದ್ದಾಳೆಂದು ತಿಳಿಯುತ್ತಿತ್ತು.

"ಗೌರಮ್ಮನ ಅಬ್ಬಕ್ಕೆ ದಾರಿ ಮರ್ತೋಗಿತ್ತು. ಈಗ ಗೊತ್ತಾಯ್ತೇನ್ಲಾ?"

"ಜ್ವರ ಬಂದಿತ್ತಕ್ಕ."

"ಆರ್ ತಿಂಗ್ಳು ಜ್ವರ! ಯಾವ್ ಡಾಕ್ಟ್ರೂ ಕಾಣ್ದಂತಾ ಜ್ವರಾನ. ಬೀದಿ ಎಂಗಸ್ರೆಲ್ಲ ಮೊರ ಬಂತೇನೆ ಅಂತ ಕೇಳೋರು. ನನ್ ತಮ್ಮ ಫಾರಿನ್ನಿಗೆ ಓಗವ್ನೆ ಅಂದೆ. ಇಳ್ಸು, ಇಳ್ಸು. ಬಿಸ್ಲಿಗೆ ಗರಿ ಬಾಡೋಯ್ತದೆ."

ಟವೆಲ್ಲಿನ ವಿಷಯ ಅವಳು ಎತ್ತಲಿಲ್ಲ. ನಲ್ಲಪ್ಪ ಅಷ್ಟುಹೊತ್ತಿಗೆ ಅಂಗಳದ ಮೂಲೆಯಲ್ಲಿ ಅತ್ತಿಯ ನಾಲ್ಕು ಗೂಟ ನೆಟ್ಟಿದ್ದ. ಭಾಗ್ಯ ಸೂರಿನ ಕೆಳಗೆ ಗೋಣಿಯ ಮೇಲೆ, ಪಕ್ಕದಲ್ಲಿ ತನ್ನದೇ ಒಂದು ತಟ್ಟೆ, ಒಂದು ಚೊಂಬು ಇಟ್ಟುಕೊಂಡು, ರೈಲು ತಪ್ಪಿಸಿಕೊಂಡವಳ ಹಾಗೆ ಕೂತಿದ್ದಳು. ಹದಿಮೂರು ವರ್ಷ. ಹೋದ ಸಂಕ್ರಾಂತಿಗೆ ಅವನ ಸೈಕಲ್ಲಿನ ಹಿಂದೆ ಕೂತು ಬೀದಿಯಿಡೀ ಗಂಟೆ ಬಾರಿಸಿದ ಹುಡುಗಿ ಈಗ ಮೊಣಕಾಲಿಗೆ ಲಂಗ ಎಳೆದುಕೊಂಡು ಕೂತಿದ್ದಳು. ಅವನು ಗರಿಗಳನ್ನು ಎಳೆದುಕೊಂಡು ಹೋಗಿ, ಗೂಟಗಳ ಆಚೆ, ಎಲ್ಲರಿಗೂ ಬೆನ್ನು ಮಾಡಿ ಕೂತ. ಆದರೆ ಹುಡುಗಿಯ ಕಡೆಗೆ ಮುಖವಾಯಿತು. ಅದನ್ನು ಅವನು ಲೆಕ್ಕ ಹಾಕಿರಲಿಲ್ಲ.

"ಮಾವ, ತೆಂಗಿನ್ ಮರಕ್ಕೆ ಕೊಂಬೆ ಯಾಕಿಲ್ಲ ಗೊತ್ತಾ?"

"ಯಾಕೆ?"

"ಅದು ಮರಾನೇ ಅಲ್ವಂತೆ. ಉಲ್ಲಿನ್ ಜಾತೀನಂತೆ. ನಮ್ ಸೈನ್ಸ್ ಮೇಷ್ಟ್ರು ಏಳುದ್ರು."

"ಉಲ್ಲಿನ ಮೇಲಿಂದ ಬಿದ್ದು ಯಾರೂ ಸತ್ತಿಲ್ಲ ಅಂತ ಏಳು ನಿಮ್ ಮೇಷ್ಟ್ರಿಗೆ."

ಅವಳು ಕಿಸಕ್ಕನೆ ನಕ್ಕಳು. ನಗಬಾರದೇನೋ ಎಂದು ಬಾಯಿಗೆ ಕೈ ಇಟ್ಟುಕೊಂಡಳು. "ಇಲ್ಲ ಮಾವ, ನಿಜ್ವಾಗ್ಲೂ. ಬೇರೆ ಮರಕ್ಕೆ ಮಚ್ಚಲ್ಲಿ ಒಡುದ್ರೆ ತೊಗಟೆ ಬಂದು ಮುಚ್ಕಂತದೆ. ತೆಂಗು, ಈಚಲು, ತಾಳೆ, ಇವಕ್ಕೆ ಮುಚ್ಕಳಲ್ವಂತೆ. ಗಾಯ ಅಂಗೇ ಇರ್ತದೆ. ಅಂಗೇ ಇಟ್ಕಂಡು ಮೇಲ್ ಮೇಲಕ್ಕೆ ಬೆಳೀತವಂತೆ." ಹನುಮಯ್ಯ ಕೆತ್ತುತ್ತಿದ್ದ ಈಚಲುಗಳು ಅವನ ಕಣ್ಣಿಗೆ ಬಂದವು. ಒಂದು ಚಳಿಗಾಲ ಈ ಪಕ್ಕ, ಮುಂದಿನ ಚಳಿಗಾಲ ಆ ಪಕ್ಕ ಕೆತ್ತಿ ಕೆತ್ತಿ, ಮರ ಮೈಮುರಿದುಕೊಂಡು ಮೇಲೇರಿದಂತೆ ಸೊಟ್ಟಸೊಟ್ಟಗೆ. ಆ ಸೊಟ್ಟ ಮರಗಳೇ ಹೆಚ್ಚು ಹೆಂಡ ಕೊಡುತ್ತಿದ್ದವು ಎಂದು ಹನುಮಯ್ಯ ಹೇಳುತ್ತಿದ್ದದ್ದು ಸುಳ್ಳೋ ನಿಜವೋ.

ಟವೆಲ್ಲು ಬಿಚ್ಚದೆ ಹೆಣೆಯಲು ಆಗುವುದಿಲ್ಲ. ಬಿಚ್ಚಿದ. ಹುಡುಗಿ ನೋಡಿದಳೋ ಇಲ್ಲವೋ, ಅವನು ತಲೆ ಎತ್ತಲಿಲ್ಲ. ಗರಿಯ ದಿಂಡನ್ನು ಕಾಲಡಿ ಒತ್ತಿ ಹಿಡಿದು, ಬಲಗೈಯಲ್ಲಿ ಎರಡನೆಯ ಎಲೆಯನ್ನು ಮೊದಲನೆಯದರ ಕೆಳಗೆ ತೂರಿಸಿ, ಮೂರನೆಯದರ ಮೇಲೆ ತಂದ. ಸುಲಭ. ಆರು ವರ್ಷದವನಿದ್ದಾಗಿನಿಂದ ಮಾಡುತ್ತಿದ್ದ ಕೆಲಸ, ಕಣ್ಣುಮುಚ್ಚಿ ಮಾಡುತ್ತಿದ್ದ. ಆದರೆ ಹೆಣೆದಷ್ಟನ್ನು ಬಿಡದೆ ಅದುಮಿ ಹಿಡಿಯುವುದು ಎಡಗೈಯ ತೋರುಬೆರಳು ಮತ್ತು ನಡುಬೆರಳು. ಅವು ಅಷ್ಟು ಕೆಲಸ ಮಾಡುತ್ತಿದ್ದವೆಂದು ಇದ್ದಾಗ ಅವನಿಗೆ ಗೊತ್ತೇ ಇರಲಿಲ್ಲ. ಹೆಬ್ಬೆರಳು ಒತ್ತಿದರೆ ಉಂಗುರದ ಬೆರಳು ತಲುಪುವುದಿಲ್ಲ. ಅಂಗೈ ಊರಿದರೆ ಎಲೆ ಸೀಳುತ್ತದೆ. ಹಸಿ ಗರಿಗೆ ಹಠ ಜಾಸ್ತಿ. ಬಿಟ್ಟರೆ ಸಾಕು, ಚಟ್ಟನೆ ನೆಟ್ಟಗಾಗುತ್ತದೆ. ನಾಲ್ಕು ಎಲೆ ಹೆಣೆದ, ಬಿಚ್ಚಿಕೊಂಡವು. ಹಲ್ಲಿನಲ್ಲಿ ಕಚ್ಚಿ ಹಿಡಿದ. ಐದಾದವು, ಆರಾದವು, ಏಳನೆಯದಕ್ಕೆ ಎಲ್ಲ ಒಟ್ಟಿಗೆ ಬಿಚ್ಚಿ ಮುಖಕ್ಕೆ ಹೊಡೆದವು. ಕಣ್ಣಲ್ಲಿ ನೀರು ಬಂತು, ಗರಿ ಹೊಡೆದದ್ದಕ್ಕೇ.

ಹಿಂದಿನಿಂದ ನಲ್ಲಪ್ಪನ ದನಿ ಮೆತ್ತಗೆ ಬಂತು. "ಬೈರಪ್ಪ, ಶ್ಯಾಮಣ್ಣ ಇಲ್ಲೇ ಅಂಗ್ಡಿ ತಾವ್ ಅವ್ನೆ. ಕೈ ಆಕು ಅಂತ ಕೂಗ್ಲಾ?"

ಅಷ್ಟೇ ಸಾಕಾಯಿತು. ಚಿಕ್ಕಬೈರಪ್ಪ ಎದ್ದು ಆ ಗರಿಯನ್ನು ಮೊಣಕಾಲಿಗೆ ಕೊಟ್ಟು ಮುರಿದು ಬೀದಿಗೆ ಎಸೆದ. "ಕೂಗು! ಊರ್ನೇ ಕೂಗು! ಚಿಕ್ಕಬೈರನ ಕೈಲಿ ಏನೂ ಕಿಸಿಯಾಕಾಗಲ್ಲ, ಬಂದ್ ನೋಡ್ರಪ್ಪಾ ಅಂತ ತಮಟೆ ಒಡ್ಸು!" ನಲ್ಲಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಬೀದಿಯಲ್ಲಿ ಇಬ್ಬರು ಹೆಂಗಸರು ನಿಂತು ನೋಡಿದರು. ಸೈಕಲ್ಲು ಗೋಡೆಗೆ ಒರಗಿತ್ತು. ಹತ್ತು ಹೆಜ್ಜೆ. ಸೈಕಲ್ಲು ಹತ್ತಿ ಹೋಗಿಬಿಟ್ಟರೆ ಇನ್ನೊಂದು ಆರು ತಿಂಗಳು ಜ್ವರ ಬರಿಸಿಕೊಳ್ಳಬಹುದು. ಆಮೇಲೆ ಇನ್ನೊಂದು ಆರು ತಿಂಗಳು. ಹೀಗೆಯೇ ಮನುಷ್ಯರು ತವರು ಕಳೆದುಕೊಳ್ಳುತ್ತಾರೆ, ಹೆಂಗಸರಷ್ಟೇ ಅಲ್ಲ, ಗಂಡಸರೂ. ಅವನಿಗೆ ಇದ್ದದ್ದು ಈ ಒಂದು ಅಂಗಳ. ಏನೂ ಆಗದವನಂತೆ ಹೋಗಿ ಮತ್ತೆ ಕೂತು, ಹೊಸದೊಂದು ಗರಿ ಎಳೆದುಕೊಂಡ. ಇಡೀ ದಿನ ಆದರೂ ಆಗಲಿ. ನಾಳೆಯವರೆಗೆ ಆದರೂ ಆಗಲಿ.

ಎರಡು ಎಲೆ ಹೆಣೆದಿದ್ದ. ಮೂರನೆಯದನ್ನು ತೂರಿಸುವಾಗ, ಎಲೆ ಬಿಚ್ಚಿಕೊಳ್ಳಬೇಕಾದ ಜಾಗದಲ್ಲಿ ಬಿಚ್ಚಿಕೊಳ್ಳಲಿಲ್ಲ. ಅಲ್ಲಿ ಎರಡು ಬೆರಳಿದ್ದವು. ಸಣ್ಣವು, ಉಗುರಿನ ಸುತ್ತ ಬಣ್ಣ ಮಾಸಿದ ಗೋರಂಟಿ. ಭಾಗ್ಯ ಯಾವಾಗ ಗೋಣಿಯಿಂದೆದ್ದು ಬಂದು ಎದುರು ಕುಕ್ಕರಗಾಲಲ್ಲಿ ಕೂತಳೋ ಅವನಿಗೆ ತಿಳಿದಿರಲಿಲ್ಲ. ಅವನ ಎಡಗೈಯ ಪಕ್ಕಕ್ಕೆ, ಗುಬುಟಾಗಿದ್ದ ಗಾಯದ ಜಾಗಕ್ಕೆ ತಾಗುವಂತೆಯೇ ತನ್ನ ಬೆರಳಿಟ್ಟು ಅದುಮಿದ್ದಳು. ಗಾಬರಿಯಾಗಲಿ, ಅಯ್ಯೋ ಎನ್ನುವುದಾಗಲಿ ಅವಳ ಮುಖದಲ್ಲಿ ಇರಲಿಲ್ಲ. ಲೆಕ್ಕ ಮಾಡುವಾಗಿನ ಗಮನ ಇತ್ತು, ಅಷ್ಟೇ.

"ಇಲ್ಲೇ ತಾನೇ ಮಾವ ಇಡ್ಕಬೇಕಾಗಿರೋದು?"

"ಮುಟ್ಬಾರ್ದು ಕಣೆ. ನಿಮ್ಮವ್ವ ನೋಡುದ್ರೆ ಇಬ್ರುನ್ನೂ ಒಲೆಗಾಕ್ತಾಳೆ."

"ನಾನ್ ಗರೀನ ಮುಟ್ತಿರೋದು. ನೀನ್ ಬೇಗ ಎಣಿ."

ಕಟ್ಟಳೆಯಲ್ಲಿ ಹೇಳಿದ್ದು ಬೇರೆ ಗಂಡಸಿನ ಕೈ ಬೀಳಬಾರದೆಂದು. ಕೂರುವ ಹುಡುಗಿಯ ಕೈ ಬೀಳಬಾರದೆಂದು ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ. ಅವನು ಹೆಣೆದ. ಒಂದರ ಕೆಳಗೆ, ಒಂದರ ಮೇಲೆ. ಅವನ ಬಲಗೈ ಎಲೆ ತೂರಿಸಿ ಎಳೆದ ಕೂಡಲೆ ಅವಳ ಬೆರಳು ಮುಂದೆ ಸರಿದು ಅದುಮುತ್ತಿತ್ತು. ಮೊದಮೊದಲು ತಡವಾಗುತ್ತಿತ್ತು, ಅವನು ಕಾಯಬೇಕಾಗುತ್ತಿತ್ತು. ಎರಡನೆಯ ಗರಿಯ ಹೊತ್ತಿಗೆ ಅವನು ಎಲೆ ಎತ್ತುವ ಮೊದಲೇ ಅದು ಅಲ್ಲಿರುತ್ತಿತ್ತು. ಅವಳ ಉಸಿರು ಅವನ ಮಣಿಕಟ್ಟಿಗೆ ತಾಗುತ್ತಿತ್ತು. ಹೀಗೆ ಯಾರೂ ಆ ಕೈಯ ಇಷ್ಟು ಹತ್ತಿರ ಬಂದಿರಲಿಲ್ಲ. ಅಂಜನಮ್ಮನಿಗೂ ಅವನು ಕತ್ತಲಲ್ಲಿ ಬಲಗೈಯೊಂದನ್ನೇ ಕೊಡುತ್ತಿದ್ದ.

ಮೂರನೆಯ ಗರಿ ಮುಗಿಯುವಾಗ ನೆರಳು ಬಿತ್ತು. ಈಶ್ವರಮ್ಮ ಅಂಬಲಿಯ ಲೋಟ ಹಿಡಿದು ನಿಂತಿದ್ದಳು. ಭಾಗ್ಯ ಬೆರಳು ತೆಗೆಯಲು ಹೋದಳು. ಎಲೆ ಸಡಿಲವಾಯಿತು.

"ಬಿಗ್ಯಾಗ್ ಇಡ್ಕಳೆ," ಅಂದಳು ಈಶ್ವರಮ್ಮ. "ಸಡ್ಲ ಆದ್ರೆ ನಿಮ್ಮಾವನಿಗೆ ಸಿಟ್ಟು ಬರ್ತದೆ."

ಲೋಟವನ್ನು ತಮ್ಮನ ಬಲಗಡೆ ನೆಲದ ಮೇಲಿಟ್ಟು ಅವಳು ಒಳಗೆ ಹೋದಳು. ಚಿಕ್ಕಬೈರಪ್ಪ ನಾಲ್ಕನೆಯ ಗರಿ ಎಳೆದುಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ಏಳು ಗರಿಗಳ ತಡಿಕೆ ಗೂಟಕ್ಕೆ ಏರಿತು. ಮೇಲೆ ಹೊದಿಕೆ, ಪಕ್ಕಕ್ಕೆ ಹೊಂಗೆಸೊಪ್ಪು, ಬಾಗಿಲ ಮೇಲೆ ಮುಳ್ಳು ಹೊರಗಾದ ಈಚಲು ಗರಿ, ಅಡ್ಡಕ್ಕೆ ಒನಕೆ. ಒಳಗೆ ಹೊಸ ಈಚಲು ಚಾಪೆ ಹಾಸಿದರು. ಮುತ್ತೈದೆಯರು ಅರಿಶಿನದ ನೀರು ಹಾಕಿ, ಸೋಬಾನೆ ಹಾಡಿ, ಹುಡುಗಿಯನ್ನು ಒಳಗೆ ಕೂರಿಸಿದರು. ಅವಳು ತಡಿಕೆಗೆ ಬೆನ್ನು ಕೊಟ್ಟಾಗ ಹಸಿ ಗರಿ ಕಿರ್ ಎಂದಿತು, ಬಗ್ಗಲಿಲ್ಲ. ಬೀದಿಯ ಚಿಕ್ಕಮುನಿಯಮ್ಮ ಹಿಂದೆ ಸುತ್ತಿ ಬಂದು ಹೆಣಿಗೆಯ ಮೇಲೆ ಕೈಯಾಡಿಸಿ, "ಪರ್ವಾಗಿಲ್ಲ ಕಣೆ ಈಶ್ವರಿ, ಪ್ಯಾಕ್ಟ್ರಿಗೋದ್ರೂ ನಿನ್ ತಮ್ಮ ಕೆಲ್ಸ ಮರ್ತಿಲ್ಲ," ಅಂದಳು. ಈಶ್ವರಮ್ಮ ಅವಳ ಕೈಗೆ ಎಲೆಯಡಿಕೆ ಇಟ್ಟಳು.

ಎಲ್ಲರೂ ಹೋದ ಮೇಲೆ ಅವಳು ಬಿಸಿನೀರಿನ ತಂಬಿಗೆ ತಂದು, "ಬಾರ್ಲಾ, ಕೈ ತೊಳ್ಕ, ಊಟಕ್ಕೇಳು," ಎಂದು ಬಚ್ಚಲ ಕಲ್ಲಿನ ಹತ್ತಿರ ಕರೆದಳು. ಅವನು ಬಲಗೈ ಚಾಚಿದ. ಅವಳು ನೀರು ಹಾಕಲಿಲ್ಲ. ತಪ್ಪಿಸಿಕೊಳ್ಳುವ ಕರುವನ್ನು ಹಿಡಿದ ಹಾಗೆ ಅವನ ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಬೆಳಕಿಗೆ ಎಳೆದುಕೊಂಡು, ಗರಿಯ ರಸ, ಮಣ್ಣು ಮೆತ್ತಿದ್ದ ಆ ಎರಡು ಗುಬುಟುಗಳ ಮೇಲೆ ನೀರು ಹಾಕಿ, ತನ್ನ ಹೆಬ್ಬೆರಳಿನಿಂದ ಉಜ್ಜಿದಳು.

"ನೋಯ್ತದಾ?"

"ಚಳೀಲಿ ಒಸಿ."

ಅವಳು ಉಜ್ಜುತ್ತಲೇ ಇದ್ದಳು. ಅವನು ಕಲ್ಲಿನ ಮೇಲೆ ಹರಿಯುವ ನೀರನ್ನು ನೋಡುತ್ತಾ ಅಂದ, "ಮಿಷನ್ ಜಾರ್ಲಿಲ್ಲ ಅಕ್ಕ. ನಾನೇ ಕಡ್ಡಿ ಇಟ್ಟಿದ್ದೆ. ಬೇಗ ಬೇಗ ಆಗ್ಲಿ ಅಂತ. ನಾನೇ ಮಾಡ್ಕಂಡಿದ್ದು."

"ಗೊತ್ತು. ಶ್ರಾವಣದಾಗೆ ಅಂಜನಮ್ಮ ಬಂದು ಈ ಕಲ್ ಮೇಲೇ ಕೂತ್ಕಂಡು ಅತ್ತೋದ್ಲು."

ಅವನು ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಗೊತ್ತಿದ್ರೆ ಬರ್ಬಾರ್ದಾಗಿತ್ತಾ? ಆರ್ ತಿಂಗ್ಳು..."

"ನೀನ್ ಮುಚ್ಕಂಡಿರೋದ್ನ ನಾನ್ಯಾಕ್ ಬಂದು ಬಿಚ್ಲಿ? ನೀನೇ ತರ್ತೀಯ ಅಂತ ಬಾಗ್ಲು ತಗ್ದು ಕೂತಿದ್ದೆ." ದನಿ ಒಡೆಯಿತು, ಒಡೆದದ್ದಕ್ಕೆ ಅವಳಿಗೇ ಸಿಟ್ಟು ಬಂತು. ತಂಬಿಗೆಯನ್ನು ಕಲ್ಲಿನ ಮೇಲೆ ಕುಕ್ಕಿ, ಸೆರಗಿನ ತುದಿಯಿಂದ ಆ ಕೈಯನ್ನು ಬೆರಳು ಬೆರಳಿನ ಸಂದಿಯೂ ಬಿಡದೆ ಒರೆಸಿದಳು, ಇದ್ದ ಸಂದಿಯನ್ನೂ, ಇಲ್ಲದ ಸಂದಿಯನ್ನೂ.

"ಏನ್ ಮಕ ನೋಡ್ತೀಯ? ಮುದ್ದೆ ಆರೋಯ್ತದೆ," ಅಂದಳು. "ಇನ್ನೊಂದ್ ಕೈ ಕೊಡು."